ನೀರಿಗೊಂದು ಊರು

ಒದ್ದೆ ಗೋಣಿತಟ್ಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹಳೆಯ ವಾಸನೆಗಳು ಬೇರೆಯವರ ಕಣ್ಣಲ್ಲಿ ನೀರು ತರಿಸುತ್ತವಂತೆ, ನಾನು ಹಲ್ಲು ಕಡಿಯುತ್ತೇನೆ. ಈ ಬೇಸಿಗೆಯಲ್ಲಿ ರಾಯಚೂರಿನ ಬಸ್‌ಸ್ಟ್ಯಾಂಡಿನ ಹೊರಗೆ ಕಬ್ಬಿನ ಹಾಲಿನ ಬಂಡಿಯವನೊಬ್ಬ ಐಸ್ ಗಡ್ಡೆಯ ಮೇಲೆ ನೆನೆಸಿದ ತಟ್ಟು ಹೊದಿಸಿಟ್ಟಿದ್ದ. ಸೆಣಬು, ಮಣ್ಣು, ನಿಂತ ನೀರು ಮೂರೂ ಬೆರೆತ ಆ ವಾಸನೆ ನಡುಬಿಸಿಲಿನಲ್ಲಿ ಎದ್ದು ಬಂತು. ಪಕ್ಕದಲ್ಲಿ ನನ್ನ ತಮ್ಮ ಈರಣ್ಣನ ಮೊಮ್ಮಗಳು ಸಹನಾ ಇದ್ದಳು. ಹತ್ತು ವರ್ಷದ ಹುಡುಗಿ. ಸಾಲೆಯ ಸೂಟಿಗೆಂದು ಹಿರೇಕೊಟ್ನೆಕಲ್‌ನಿಂದ ಮಾನ್ವಿಯ ನಮ್ಮ ಮನೆಗೆ ಬಂದವಳು, ದೊಡ್ಡ ಊರು ನೋಡಬೇಕೆಂದು ಹಟ ಹಿಡಿದಿದ್ದಳು. ಕರೆತಂದಿದ್ದೆ. ಬಸ್ಸಿನಲ್ಲಿಯೇ ನನ್ನ ಫೋನು ಕಸಿದುಕೊಂಡು, ರಾಯಚೂರಿನಲ್ಲಿ ದುಡ್ಡು ಕೊಡದೆ ನೋಡುವ ಜಾಗಗಳು ಯಾವುವೆಂದು ಹುಡುಕಿಟ್ಟಿದ್ದಳು. “ಅಜ್ಜಿ, ಬರೇ ಮೂರ ಅದಾವ ನೋಡು” ಅಂದಳು. ಮೂರಂತೆ! ಯಾವ ಮೂಳನೋ ಎಲ್ಲಿಯೋ ಕೂತು ನಮ್ಮ ಊರಲ್ಲಿ ಮೂರೇ ಪುಕ್ಕಟೆ ಜಾಗ ಇವೆ ಎಂದು ಬರೆದಿದ್ದ.

ನಮ್ಮ ದೊಡ್ಡವ್ವ ಹುಲಿಗೆವ್ವನಿಗೆ ಮೂವತ್ತು ಗೊತ್ತಿದ್ದವು. ಅವಳು ನಮ್ಮವ್ವನ ಅಕ್ಕ. ಅಪ್ಪ ಅವ್ವ ದೇವದುರ್ಗದ ಕಡೆ ಹೊಲದ ಕೂಲಿಗೆ ಹೋಗುವವರು. ಮಕ್ಕಳಾದರೂ ನಾಲ್ಕಕ್ಷರ ಕಲಿಯಲಿ ಎಂದು ನನ್ನನ್ನೂ ಈರಣ್ಣನನ್ನೂ ರಾಯಚೂರಿನಲ್ಲಿ ದೊಡ್ಡವ್ವನ ಹತ್ತಿರ ಬಿಟ್ಟಿದ್ದರು. ಅವಳ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹತ್ತಿ ಗಿರಣಿಯಲ್ಲಿ ಹತ್ತಿ ಆರಿಸುವ ಕೆಲಸ. ಸಂಜೆ ಮನೆಗೆ ಬಂದಾಗ ತಲೆ, ಹುಬ್ಬು, ರೆಪ್ಪೆಗಳ ಮೇಲೆಲ್ಲ ಅರಳೆ ಕೂತು, ಬೆಳಿಗ್ಗೆ ಹೋದವಳು ಮುದುಕಿಯಾಗಿ ಬಂದಳೇನೋ ಅನ್ನಿಸುತ್ತಿತ್ತು. ಮುಖ ತೊಳೆದು ಸೆರಗಿನಿಂದ ಒರೆಸಿಕೊಂಡರೆ ಮತ್ತೆ ನಲವತ್ತರ ಗಟ್ಟಿ ಹೆಂಗಸು. ನಾವಿದ್ದದ್ದು ಒಂದು ಖೋಲಿಯ ತಗಡಿನ ಮನೆ. ರಾಯಚೂರಿನ ಬಿಸಿಲು ಕಂಡವರಿಗೆ ಬೇಸಿಗೆಯಲ್ಲಿ ತಗಡಿನ ಮನೆ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಯುಗಾದಿಯ ಹೊತ್ತಿಗೆ ಗಿರಣಿ ಬಂದಾಗುತ್ತಿತ್ತು, ಕೂಲಿ ನಿಲ್ಲುತ್ತಿತ್ತು, ಸಾಲಿಗೆ ಸೂಟಿ ಬಿಡುತ್ತಿತ್ತು. ಒಳಗೆ ಕೂತರೆ ಬೇಯಬೇಕು, ಹೊರಗೆ ಹೋದರೆ ಕೈಯಲ್ಲಿ ಕಾಸಿಲ್ಲ. ಹಾಗಾಗಿ ದೊಡ್ಡವ್ವ ಊರನ್ನೆಲ್ಲ ನೆರಳಿನ ಲೆಕ್ಕದಲ್ಲಿ ಕಲಿತಿದ್ದಳು. ಯಾವ ಹೊತ್ತಿಗೆ ಎಲ್ಲಿ ತಂಪು, ಎಲ್ಲಿ ಗಾಳಿ, ಎಲ್ಲಿ ಕೂತರೆ ಯಾರೂ ಎಬ್ಬಿಸುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಮುಂಜಾನೆ ಕೋಟೆಯ ದರ್ವಾಜಕ್ಕೆ ಹೋಗುತ್ತಿದ್ದೆವು. ಆ ಕಲ್ಲಿನ ಓಣಿಯೊಳಗೆ ಹೊರಗೆಲ್ಲೂ ಇಲ್ಲದ ಗಾಳಿ ಸುಳಿಯುತ್ತಿತ್ತು. ಕೋಟೆಯ ಗೋಡೆಯಲ್ಲಿ ಒಂದು ಭಾರೀ ಉದ್ದನೆಯ ಕಲ್ಲಿದೆಯಲ್ಲ, ಅದನ್ನು ಕೋಣಗಳ ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನು ಗೋಡೆಯಲ್ಲೇ ಕೆತ್ತಿದ್ದಾರೆ; ನಾನೂ ಈರಣ್ಣನೂ ಅದನ್ನು ಗೇಣಿನಿಂದ ಅಳೆಯುತ್ತಿದ್ದೆವು, ಪ್ರತಿಸಲವೂ ಲೆಕ್ಕ ಬೇರೆ ಬರುತ್ತಿತ್ತು, ಜಗಳ ಹತ್ತುತ್ತಿತ್ತು. ದೊಡ್ಡವ್ವ ಮಾತ್ರ ಕೆತ್ತಿದ ಕೋಣಗಳನ್ನು ನೋಡಿ, “ಕಲ್ಲು ಜಗ್ಗಿದವ್ರ ಹೆಸರು ಬರ್ದಾರೇನು ನೋಡ್ರಿ” ಅನ್ನುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ನಮಗೆ ಬರುತ್ತಿತ್ತು, ಆದರೆ ಆ ಲಿಪಿ ಬರುತ್ತಿರಲಿಲ್ಲ. ಸಂಜೆ ಮಾವಿನಕೆರೆಯ ದಂಡೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ಕತ್ತಲಾಗುವ ಮೊದಲು ತಿಂದು ಬರುತ್ತಿದ್ದೆವು. ಈ ಎರಡರ ನಡುವೆ ಕೆಟ್ಟ ಮಧ್ಯಾಹ್ನವೊಂದಿರುತ್ತಿತ್ತು, ಹನ್ನೊಂದರಿಂದ ನಾಲ್ಕರವರೆಗೆ. ಆ ಹೊತ್ತಿಗೆ ರೈಲ್ವೆ ಸ್ಟೇಷನ್.

ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಬೇಸಿಗೆಯಲ್ಲಿ ಪ್ಲಾಟ್‌ಫಾರಮ್ಮಿನ ಮೇಲೆ ಅರವಟ್ಟಿಗೆ ಇಡಿಸುತ್ತಿದ್ದರು. ಸಾಲಾಗಿ ಆರು ಮಣ್ಣಿನ ಹರವಿ, ಅವಕ್ಕೆ ಸುತ್ತಿದ ಗೋಣಿತಟ್ಟು, ತಟ್ಟಿನ ಮೇಲೆ ಆಗಾಗ ಚಿಮುಕಿಸುವ ನೀರು. ಗಾಡಿ ನಿಂತಷ್ಟು ಹೊತ್ತು ಕಿಟಕಿಕಿಟಕಿಗೆ ಹೋಗಿ ನೀರು ಕೊಡಲು ಮಂದಿ ಬೇಕು. ಪಗಾರ ಇಲ್ಲ, ನೆರಳು ಇದೆ. ದೊಡ್ಡವ್ವ ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿ ಸೇರಿಕೊಂಡಳು. ಅವಳು ಕೊಡ ಹಿಡಿದು ಹಿಂದೆ, ನಾವು ಗ್ಲಾಸು ಹಿಡಿದು ಮುಂದೆ. ಎಂಜಿನ್ನಿನ ಕಲ್ಲಿದ್ದಲ ಹೊಗೆ, ಕಿಟಕಿಯ ಸರಳುಗಳ ನಡುವಿನಿಂದ ಚಾಚಿದ ಕೈಗಳು, ಬಳೆ, ಗಡಿಯಾರ, ಹಚ್ಚೆ. ಮಕ್ಕಳಿಗೆ ಬೇಜಾರಾಗದಿರಲೆಂದು ದೊಡ್ಡವ್ವ ಒಂದು ಆಟ ಮಾಡಿಟ್ಟಿದ್ದಳು. ನೀರು ಕುಡಿದವರು ತಮ್ಮ ಊರಿನ ಹೆಸರು ಹೇಳಬೇಕು. ಅದನ್ನು ನಾವು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳಬೇಕು. ಸೊಲ್ಲಾಪುರ, ಗುಂತಕಲ್ಲು, ಮದ್ರಾಸು, ಬೊಂಬಾಯಿ ಎಲ್ಲ ಮೊದಲ ವಾರದಲ್ಲೇ ಮುಗಿದವು. ಆಮೇಲೆ ಅಪರೂಪದ ಊರಿಗಾಗಿ ನಾವು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದೆವು. ಮನೆಗೆ ಹೋದ ಮೇಲೆ ದೊಡ್ಡವ್ವ, “ಓದ್ರಿ, ಇವತ್ತು ಎಷ್ಟ್ ಊರು ನಮ್ಮ ಕೈಯಾಗ ನೀರು ಕುಡದ್ವು ಕೇಳ್ತೀನಿ” ಎಂದು ಗೋಡೆಗೆ ಒರಗಿ ಕೂರುತ್ತಿದ್ದಳು.

ಆ ಮಾತಿನ ತೂಕ ಆಗ ನನಗೆ ತಿಳಿದಿರಲಿಲ್ಲ. ನಮ್ಮ ಜಾತಿಯ ಹೆಸರು ಇಲ್ಲಿ ಬೇಡ, ಊರಲ್ಲಿ ನಮ್ಮ ಕೈಯ ನೀರು ಅನೇಕರಿಗೆ ನಡೆಯುತ್ತಿರಲಿಲ್ಲ ಎಂದರೆ ಸಾಕು. ಊರ ಬಾವಿಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಸೇದಿ ಹಾಕಲಿ ಎಂದು ಕಾದು ಬೆಳೆದವಳು ದೊಡ್ಡವ್ವ. ಸ್ಟೇಷನ್ನಿನಲ್ಲಿ ನೀರಡಿಸಿದವರು ಏನೂ ಕೇಳುತ್ತಿರಲಿಲ್ಲ, ಗಟಗಟ ಕುಡಿದು ಗ್ಲಾಸು ವಾಪಸು ಕೊಡುತ್ತಿದ್ದರು. ನಮಗೆ ಅದು ಆಟ. ಅವಳಿಗೆ ಜೀವಮಾನದಲ್ಲಿ ಸಿಕ್ಕ ಒಂದೇ ಮರ್ಯಾದೆಯ ಜಾಗ.

ಅದನ್ನು ಕೆಡಿಸಿದವಳು ನಾನು. ಒಂದು ಮಧ್ಯಾಹ್ನ ಮದ್ರಾಸಿನ ಕಡೆ ಹೋಗುವ ಗಾಡಿ ಬಂತು. ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಕೆಂಪು ಸೀರೆ ತಲೆತುಂಬ ಹೊದ್ದ ಮುದುಕಿಯೊಬ್ಬಳು ಕೂತಿದ್ದಳು. ತುಟಿ ಒಣಗಿ ಒಂದಕ್ಕೊಂದು ಅಂಟಿದ್ದವು. ಕೈಯಲ್ಲಿ ಖಾಲಿ ಹಿತ್ತಾಳೆಯ ತಂಬಿಗೆ. ನಾನು ಗ್ಲಾಸು ಎತ್ತಿ ಹಿಡಿದು ರೂಢಿಯಂತೆ ಊರು ಕೇಳಿದೆ. “ಕಾಶಿಯೊಳಗ ಇರ್ತೇವಿ” ಅಂದಳು. ಹಿಂದಿನ ದಿನವಷ್ಟೇ ಈರಣ್ಣ ಕಲಕತ್ತಾ ಹೊಡೆದುಕೊಂಡು ಮೆರೆಯುತ್ತಿದ್ದ. ಕಾಶಿ ಸಿಕ್ಕರೆ ಅವನ ಮೆರೆದಾಟ ಮುಗಿಯಿತು. ಆದರೆ ಕುಡಿದರೆ ಮಾತ್ರ ಊರು ನಮ್ಮದು. ಮುದುಕಿ ಗ್ಲಾಸು ಮುಟ್ಟಲಿಲ್ಲ. “ಯಾರ ಪೈಕಿ ಅವ್ವಿ ನೀನು?” ಅಂದಳು. ನಮ್ಮ ಸಾಲೆಯ ಮಾಸ್ತರರು ಆಚಾರ್ಯರು. ಅವರ ಮನೆಯ ಮಾತಿನ ಧಾಟಿಯೂ ನನಗೆ ಬರುತ್ತಿತ್ತು. ಗಾಡಿ ಸೀಟಿ ಹೊಡೆಯಿತು. “ಆಚಾರ್ರ ಮೊಮ್ಮಗಳ್ರಿ” ಅಂದುಬಿಟ್ಟೆ. ಮುದುಕಿಯ ಮುಖ ಅರಳಿತು. ತಂಬಿಗೆ ಚಾಚಿ ಹಾಕಿಸಿಕೊಂಡಳು, ಅರ್ಧ ತಂಬಿಗೆ ಒಂದೇ ಉಸಿರಿಗೆ ಕುಡಿದಳು, “ನೂರು ವರ್ಷ ಬಾಳವ್ವಾ” ಎಂದು ಹರಸಿದಳು.

ದೊಡ್ಡವ್ವ ನನ್ನ ಹಿಂದೆಯೇ ಇದ್ದಳು. ಕೊಡ ಕೆಳಗಿಟ್ಟು ಕಿಟಕಿಗೆ ಬಂದಳು. ದನಿ ಏರಿಸಲಿಲ್ಲ. “ಯವ್ವಾ, ಆಕಿ ನನ್ನ ತಂಗಿ ಮಗಳ್ರಿ. ದೇವದುರ್ಗದ ಕಡಿಯವ್ರು ನಾವು, ಕೂಲಿ ಮಾಡೋರು. ನೀರು ತುಂಬಿದಾಕಿ ನಾನ” ಅಂದಳು. ಮುದುಕಿ ಅವಳ ಸೀರೆ, ಕಾಲು, ಕೈ ನೋಡಿದಳು. ಕೇಳದೆಯೇ ಎಲ್ಲ ತಿಳಿಯಿತು ಅವಳಿಗೆ. ಥೂ ಎಂದು ಉಗುಳಿ, ತಂಬಿಗೆಯಲ್ಲಿದ್ದ ನೀರನ್ನು ಕಿಟಕಿಯಿಂದ ಹೊರಗೆ ಸುರುವಿದಳು. ಅದು ದೊಡ್ಡವ್ವನ ಪಾದಗಳ ಮೇಲೆ ಬಿತ್ತು. ಅಷ್ಟು ಹೊತ್ತಿಗೆ ಗಾಡಿ ಹೊರಟಿತ್ತು. ದೊಡ್ಡವ್ವ ಗಾಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಆಕಿ ಚೆಲ್ಲಿದ್ದು ನನಗೇನು ಹೊಸಾದಲ್ಲ. ಒಂದ್ ಊರಿನ ಹೆಸರಿಗೆ ನನ್ನ ಮಾರ್ಕೊಂಡ್ಯಲ್ಲಬೇ” ಅಂದಳು.

ಹೊಡೆದಿದ್ದರೆ ಚೆನ್ನಾಗಿತ್ತು. ಮರುದಿನ ಈರಣ್ಣನನ್ನು ಮಾತ್ರ ಕರೆದುಕೊಂಡು, “ನೀ ಮನ್ಯಾಗ ಇರು” ಎಂದು ಹೋದಳು. ಆ ಬೇಸಿಗೆಯ ಉಳಿದ ಮಧ್ಯಾಹ್ನಗಳನ್ನೆಲ್ಲ ನಾನು ತಗಡಿನ ಕೆಳಗೆ ಬೆಂದೆ. ನೋಟುಬುಕ್ಕಿನ ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ದೊಡ್ಡವ್ವ ನನಗೆ ಉಣ್ಣಲು ಇಟ್ಟಳು, ತಲೆ ಬಾಚಿದಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದಳು. ಊರುಗಳನ್ನು ಓದು ಎಂದು ಮಾತ್ರ ಮತ್ತೆಂದೂ ಕೇಳಲಿಲ್ಲ. ಮುಂದಿನ ವರ್ಷ ನೋಡೋಣ, ಕಾಲು ಹಿಡಿದಾದರೂ ಜೊತೆಗೆ ಹೋಗುತ್ತೇನೆ ಅಂದುಕೊಂಡೆ. ಆ ಮಳೆಗಾಲದಲ್ಲಿ ಸಾಹುಕಾರರು ತೀರಿಕೊಂಡರು. ಹರವಿಗಳು ಮತ್ತೆ ಬರಲಿಲ್ಲ.

ಆ ಮುದುಕಿಯ ಮೇಲಿನ ನನ್ನ ಸಿಟ್ಟು ಐವತ್ತು ವರ್ಷವಾದರೂ ಆರಿಲ್ಲ, ಆರಬೇಕೆಂದೂ ನನಗಿಲ್ಲ. ಕಾಲ ಹಾಗಿತ್ತು, ಬಿಡವ್ವ, ಎಂದು ಸಮಾಧಾನ ಹೇಳುವವರನ್ನು ಕಂಡರಂತೂ ಮೈ ಉರಿಯುತ್ತದೆ. ಕಾಲ ತಂಬಿಗೆ ಬಗ್ಗಿಸಲಿಲ್ಲ, ಕೈ ಬಗ್ಗಿಸಿತು. ಸುಳ್ಳು ಹೇಳಿದ್ದು ಕೂಡ ಕಾಲವಲ್ಲ, ನನ್ನ ಈ ಬಾಯಿ. ಇನ್ನು ಈಗಿನ ಊರು! ತಂಪು ಬೇಕಾದರೆ ಏಸಿ ಇರುವ ಅಂಗಡಿಗೆ ಹೋಗಬೇಕು, ಏನೂ ಕೊಳ್ಳದೆ ನಿಂತರೆ ಅಂಗಡಿಯವನು ಕಣ್ಣಲ್ಲೇ ಹೊರಗೆ ದಬ್ಬುತ್ತಾನೆ. ನೀರು ಬಾಟಲಿಗೆ ಬಂದು ಕೂತಿದೆ. ದುಡ್ಡಿದ್ದವರಿಗೆ ಯಾರ ಪೈಕಿ ಎಂದು ಕೇಳುವ ತೊಂದರೆಯೂ ತಪ್ಪಿತು. ದುಡ್ಡಿಲ್ಲದವರು ನೆರಳಿಗೆ ಎಲ್ಲಿ ಹೋಗುತ್ತಾರೆಂದು ಯಾರಾದರೂ ಯೋಚಿಸಿದ್ದಾರೆಯೇ? ನಮ್ಮ ತಗಡಿನ ಮನೆಯಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಕಾರುಗಳಿಗೆ ಮೇಲೆ ಚಪ್ಪರ ಹಾಕಿದ್ದಾರೆ, ನೆರಳಿಗೆ.

ದೊಡ್ಡವ್ವ ಕೊನೆಯ ಎರಡು ತಿಂಗಳು ಮಾನ್ವಿಯಲ್ಲಿ ನನ್ನ ಹತ್ತಿರ ಇದ್ದಳು. ನಾನಾಗ ಅಲ್ಲಿಯ ದವಾಖಾನೆಯಲ್ಲಿ ನರ್ಸು. ಗಿರಣಿಯ ಧೂಳು ಅವಳ ಎದೆಯಲ್ಲಿ ಮನೆ ಮಾಡಿತ್ತು, ಕೆಮ್ಮಿದರೆ ಮಂಚ ಅಲುಗುತ್ತಿತ್ತು. ಒಂದು ಮುಂಜಾನೆ ಗ್ಲಾಸಿನಲ್ಲಿ ನೀರು ಕೊಟ್ಟೆ. ನಿಧಾನವಾಗಿ ಕುಡಿದು ಗ್ಲಾಸು ವಾಪಸು ಕೊಟ್ಟಳು. ಬಿಡಲಿಲ್ಲ, ಗ್ಲಾಸಿನ ಮೇಲೆ ನನ್ನ ಕೈಯನ್ನೂ ಹಿಡಿದುಕೊಂಡು, “ದೇವದುರ್ಗ. ಬರ್ಕೋಬೇ” ಅಂದಳು. ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಬರೆದುಕೊಳ್ಳಲು ಪುಸ್ತಕವಿರಲಿಲ್ಲ, ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ. ಆಮೇಲೆ ಅನ್ನೋಣ ಎಂದು ಡ್ಯೂಟಿಗೆ ಹೋದೆ. ಆಮೇಲೆ ಅನ್ನುವುದು ಅವಳಿಗೆ ಉಳಿದಿರಲಿಲ್ಲ.

“ಅಜ್ಜಿ, ಎಲ್ಲಿ ಹೋಗೋಣು? ಮೂರರಾಗ ಯಾವ್ದು?” ಎಂದು ಸಹನಾ ಸೆರಗು ಜಗ್ಗಿದಳು. ಮೂರರಲ್ಲಿ ಯಾವುದೂ ಬೇಡ ಎಂದು ಆಟೋ ಹತ್ತಿಸಿ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಪ್ಲಾಟ್‌ಫಾರಂ ಟಿಕೀಟು ತೆಗೆಸಿದೆ. ಹರವಿಗಳಿದ್ದ ಜಾಗ ಹುಡುಕಿದೆ, ಗುರುತು ಸಿಗಲಿಲ್ಲ. ಬೆಂಚಿನ ಮೇಲೆ ಕೂತು ಅವಳಿಗೆ ಆಟದ ನಿಯಮ ಹೇಳಿದೆ. ಕಾಶಿಯ ಕಥೆಯನ್ನೂ ಹೇಳಿದೆ, ನನ್ನ ಸುಳ್ಳನ್ನು ಮುಚ್ಚಿಡದೆ. ಅವಳು ಕಾಲು ಆಡಿಸುವುದನ್ನು ನಿಲ್ಲಿಸಿದಳು. ಅಷ್ಟರಲ್ಲಿ ಉತ್ತರದ ಕಡೆಯ ಗಾಡಿಯೊಂದು ಬಂದು ನಿಂತಿತು. ಜನರಲ್ ಡಬ್ಬಿಯ ಬಾಗಿಲಲ್ಲೂ ಜನ ಜೋತುಬಿದ್ದಿದ್ದರು. ಕೆಳಗೆ ಇಳಿದರೆ ಜಾಗ ಹೋಗುತ್ತದೆ. ಕಿಟಕಿಯಿಂದ ಒಂದು ಕೈ ಖಾಲಿ ಬಾಟಲಿ ಹಿಡಿದು ಅಲ್ಲಾಡಿಸುತ್ತಿತ್ತು. ಸಹನಾ ನನ್ನ ಮುಖ ನೋಡಿದಳು, ಎದ್ದು ಓಡಿದಳು, ಬಾಟಲಿ ಇಸಿದುಕೊಂಡು ನಳದಲ್ಲಿ ತುಂಬಿಸಿ ತಂದು ಕೊಟ್ಟಳು. ಆ ಮನುಷ್ಯ ಅಲ್ಲಿಯೇ ಅರ್ಧ ಕುಡಿದು, ಉಳಿದದ್ದನ್ನು ಪಕ್ಕದವನಿಗೆ ಕೊಟ್ಟ. ಇವಳು ಸಾಲೆಯಲ್ಲಿ ಕಲಿತ ಹಿಂದಿಯಲ್ಲಿ ಊರು ಕೇಳಿದ್ದಕ್ಕೆ ನಗುತ್ತ, ಗೋರಖಪುರ ಎಂದ. ಯಾರ ಪೈಕಿ ಎಂದು ಕೇಳಲಿಲ್ಲ.

ಗಾಡಿ ಹೋದ ಮೇಲೆ ಸಹನಾ ಏದುಸಿರು ಬಿಡುತ್ತ ಬಂದು ಫೋನಿನಲ್ಲಿ ಗೋರಖಪುರ ಎಂದು ಬರೆದುಕೊಂಡಳು. “ಅಜ್ಜಿ, ನಂದೇ ಮೊದಲನೇದು!” ಅಂದಳು.

“ಎರಡನೇದು ನಿಂದು. ಮೊದಲನೇದು ಬ್ಯಾರೆ ಅದ, ಬರ್ಕೋ. ದೇವದುರ್ಗ.”

“ಅದು ನಮ್ಮ ಕಡೀದ ಅಲ್ಲೇನು? ಅಲ್ಲಿಯವ್ರು ಯಾರು ಕುಡದ್ರು?”

“ನನ್ನ ದೊಡ್ಡವ್ವ ಹುಲಿಗೆವ್ವ. ನಾನ ಕೊಟ್ಟಿದ್ದೆ” ಅಂದೆ.

ಸಹನಾ ಗೋರಖಪುರವನ್ನು ಒಂದು ಸಾಲು ಕೆಳಗೆ ತಳ್ಳಿ, ಮೇಲೆ ದೇವದುರ್ಗ ಎಂದು ಬರೆದಳು.