ಟಾವೆಲ್ ಹಾಕಿದ ಸೀಟು

ಬಸ್ಸಿನ ಕಿಟಕಿಯೊಳಗೆ ಟಾವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಹಳಿಯಾಳ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ. ಜಂಬವೇ ಇರಲಿ ಬಿಡಿ, ಪಡುವುದಕ್ಕೆ ನನ್ನ ಬಳಿ ಬೇರೆ ವಿದ್ಯೆಯಾದರೂ ಎಲ್ಲಿದೆ? ಬಟ್ಟೆ ಅಂಗಡಿಯವನಾದ್ದರಿಂದ ಟಾವೆಲ್ಲಿಗೆ ಬರವಿಲ್ಲ. ಹಾಕಿದ ಟಾವೆಲ್ಲನ್ನು ಸರಿಸಿ ಕೂಡ್ರುವವರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕಾನೂನಿನಲ್ಲಿ ಸ್ವಾಧೀನದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರಂತೆ, ಟಾವೆಲ್ಲಿನ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲವಂತೆ. ಬರೆದವರು ಹುಬ್ಬಳ್ಳಿಯವರೆಗೆ ನಿಂತುಕೊಂಡು ಹೋದವರಲ್ಲ, ಅಷ್ಟೇ.

ಈ ಕಾನೂನಿನ ವಿಷಯ ಹೇಳಿದವಳು ನನ್ನ ಮಗಳು ಅಕ್ಷತಾ. ಅವಳಿಗೆ ಹುಬ್ಬಳ್ಳಿಯ ಲಾ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೀ ಕಟ್ಟಿದೆವು, ಓಣಿಗೆಲ್ಲ ಪೇಢೆ ಹಂಚಿದೆವು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊರರಾಜ್ಯದ ದೊಡ್ಡ ಹೆಸರಿನ ಕಾಲೇಜೊಂದರ ವೇಟಿಂಗ್ ಲಿಸ್ಟಿನಲ್ಲೂ ಅವಳ ಹೆಸರಿತ್ತು. ಅಲ್ಲಿ ಯಾರಾದರೂ ಬಿಟ್ಟರೆ ಇವಳಿಗೆ. ಅಲ್ಲಿಗೂ ಡಿಪಾಸಿಟ್ ಕಟ್ಟಿ ಹೆಸರು ಉಳಿಸಿಕೊಂಡೆವು. ಉಳಿಸಿಕೊಂಡೆ ಎನ್ನಬೇಕು. ಆ ಕಾಲೇಜಿನ ಹೆಸರು ಹೇಳಿದರೆ ಗಿರಾಕಿಗಳು ಸೀರೆ ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಿದ್ದರು! ಬೆಳಗಾದರೆ "ಲಿಸ್ಟ್ ಸರದೈತೇನವ್ವಾ?" ಎನ್ನುವುದೇ ನನ್ನ ಸುಪ್ರಭಾತ.

"ಲಿಸ್ಟಿನ್ಯಾಗ ಅಕಿ ಅದಾಳೋ, ನೀವದೀರೋ?" ಎಂದಳು ನನ್ನ ಹೆಂಡತಿ. ನಾನು ಅಂಗಡಿಯ ಕೀಲಿಕೈ ಎತ್ತಿಕೊಂಡು ಹೊರಟೆ.

ಹುಬ್ಬಳ್ಳಿಯ ಹಾಸ್ಟೆಲ್ಲಿಗೆ ಮಗಳನ್ನು ಬಿಡುವ ದಿನ ಬಂತು, ಲಿಸ್ಟು ಮಾತ್ರ ಅಲುಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮೊದಲ ಬಸ್ಸಿಗೆ ಟಾವೆಲ್ ಹಾಕಿದೆ, ಇಬ್ಬರ ಸೀಟು ಹಿಡಿಯಿತು. ಅಷ್ಟರಲ್ಲಿ ಹಿಂದೆ ಹುಬ್ಬಳ್ಳಿಯದೇ ಇನ್ನೊಂದು ಬಸ್ಸು ಖಾಲಿ ಖಾಲಿ ಬಂದು ನಿಂತಿತು. ಇರಲಿ ಎಂದು ಅದರೊಳಗೆ ಕೊಡೆ ಎಸೆದು, ಯಾವುದು ಮೊದಲು ಬಿಡುತ್ತದೋ ನೋಡೋಣವೆಂದು ಎರಡರ ನಡುವೆ ನಿಂತೆ.

ಮೊದಲ ಬಸ್ಸಿನ ಕಂಡಕ್ಟರ್ ತಲೆ ಹೊರಗೆ ಹಾಕಿ ಕೂಗಿದ: "ಯಾರದ್ರೀ ಈ ಟಾವೆಲ್? ನೀವು ಬರ್ತೀರೋ, ಟಾವೆಲ್ಲಿಗೇ ಟಿಕೀಟ್ ಹರೀಲ್ಯೋ?"

ಬಸ್ಸಿಗೆ ಬಸ್ಸೇ ನಕ್ಕಿತು. ಅಕ್ಷತಾ ಬ್ಯಾಗು ಎತ್ತಿಕೊಂಡು ಹತ್ತಿಯೇ ಬಿಟ್ಟಳು. ಆ ಟಾವೆಲ್ಲಿನ ಪಕ್ಕದಲ್ಲೇ ಒಬ್ಬ ಮುದುಕಿ ಗಂಟು ಹಿಡಿದು ಆಗಿನಿಂದ ನಿಂತಿದ್ದಳಂತೆ. ಮಗಳು ಆಕೆಯನ್ನು ತನ್ನ ಪಕ್ಕ ಕೂಡ್ರಿಸಿಕೊಂಡಳು. ಓಡಿ ಬಂದು ಹತ್ತಿದ ನನಗೆ ಉಳಿದದ್ದು ಮೇಲಿನ ಕಂಬಿ. ನನ್ನ ಕೊಡೆ ಇನ್ನೊಂದು ಬಸ್ಸಿನಲ್ಲಿ ಆರಾಮಾಗಿ ಕುಳಿತು ಹೋಯಿತು.

ಊರು ದಾಟಿದ ಮೇಲೆ ಅಕ್ಷತಾ ಮೆಲ್ಲಗೆ ಹೇಳಿದಳು: "ಅಪ್ಪಾ, ಆ ಲಿಸ್ಟಿನಿಂದ ಹೆಸರು ತಗಿಸೇನಿ. ನಿನ್ನೇನ."

ನಾನು ಕಂಬಿ ಹಿಡಿದುಕೊಂಡೇ ಅವಳತ್ತ ಬಗ್ಗಿದೆ. "ಯಾಕವ್ವಾ? ನಾಳೆ ಕರದ್ರ?"

"ಕರದ್ರ ನೀವು ಕಳಸ್ತೀರಿ ಅಂತನ ತಗಿಸಿದೆ. ನಾ ಮುಂದ ನಮ್ಮ ಹಳಿಯಾಳ ಕೋರ್ಟಿನ್ಯಾಗ ನಿಂತು ಮಾತಾಡೂಕಿ. ನನಗ ಹುಬ್ಬಳ್ಳಿನ ಮನಸಿಗೆ ಬಂದೈತಿ. ನೀವು ಅಲ್ಲಿ ಟಾವೆಲ್ ಹಾಕಿ ಕುಂತಿದ್ರಿ, ಹೆಂಗ ಹೇಳ್ಲಿ? ಆ ಲಿಸ್ಟಿನ್ಯಾಗೂ ನನ್ನ ಹಿಂದ ಯಾರರೆ ನಿಂತಿರ್ತಾರಲ್ಲಪಾ."

ಸಿಟ್ಟು ಬಂತು. ಹುಬ್ಬಳ್ಳಿಯವರೆಗೆ ಮಾತೇ ಆಡಬಾರದು ಎಂದುಕೊಂಡೆ. ಕಲಘಟಗಿಯಲ್ಲಿ ಬಸ್ಸು ನಿಂತಾಗ ಇಳಿದು ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. ಮುದುಕಿಗೂ ಕೊಟ್ಟೆ. ಸಿಟ್ಟಿದ್ದರೂ ಮಿರ್ಚಿ ಆರಲು ಬಿಡಬಾರದಲ್ಲ. ಮಗಳು ಬಾಯಿ ಖಾರ ಮಾಡಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಗುತ್ತಿದ್ದಳು. ಆ ಲಿಸ್ಟು ಬಂದಾಗಿನಿಂದ ಅವಳು ಹೀಗೆ ನಕ್ಕಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ಅವಳನ್ನು ಹಾಸ್ಟೆಲ್ಲಿಗೆ ಬಿಟ್ಟು ಸಂಜೆ ವಾಪಸ್ ಹೊರಟೆ. ಹಳಿಯಾಳದ ಬಸ್ಸು ಕಂಡದ್ದೇ ಕೈ ಸುಮ್ಮನಿರಲಿಲ್ಲ, ಟಾವೆಲ್ ಎಸೆದೆ. ಹತ್ತಿ ನೋಡಿದರೆ ಎಂದಿನಂತೆ ಇಬ್ಬರ ಜಾಗ ಹಿಡಿದಿತ್ತು. ಕಿಟಕಿಯ ಪಕ್ಕ ಕುಳಿತೆ.

ಕೂಸನ್ನು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಬಂದು ಟಾವೆಲ್ಲಿನ ಉಳಿದರ್ಧ ನೋಡಿ ಕೇಳಿದಳು: "ಇಲ್ಲಿ ಯಾರರೆ ಬರೂರು ಅದಾರೇನ್ರಿ?"

ಟಾವೆಲ್ ತೆಗೆದು ಹೆಗಲಿಗೆ ಹಾಕಿಕೊಂಡೆ.

"ಇಲ್ಲ, ಕುಂಡ್ರವ್ವಾ. ನಮ್ಮ ಮಗಳು ಇಲ್ಲೇ ಉಳದಾಳ."