ಥಳಥಳ ಪುಡಿಯ ಹುಡುಗಿ

ಪಾತ್ರೆ ತಿಕ್ಕುವ ‘ಥಳಥಳ’ ಪುಡಿ ಅಂಗಡಿಗಳಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಕಾರ್ಖಾನೆ ಮುಚ್ಚಿದರೂ ಹೆಸರು ಜನರ ನಾಲಿಗೆ ಬಿಟ್ಟಿಲ್ಲ. ಯಾವ ಕಂಪನಿಯ ಪುಡಿ ಬೇಕಾದರೂ ಇಂದಿಗೂ “ಒಂದು ಥಳಥಳ ಕೊಡಿ” ಎನ್ನುತ್ತಾರೆ. ಬೋಳುತಲೆಯವರಿಗೂ ಅದೇ ಅಡ್ಡಹೆಸರು. ಅದಕ್ಕೆ ಕಾರಣ ಒಂದು ಸಿನಿಮಾ. ಪುಡಿಯ ರೇಡಿಯೊ ಜಾಹೀರಾತಿನಲ್ಲಿ ಪುಟ್ಟ ಹುಡುಗಿಯೊಬ್ಬಳು “ಅಮ್ಮಾ, ತಟ್ಟೇಲಿ ನನ್ನ ಮುಖ ಕಾಣ್ತಿದೆ!” ಎನ್ನುತ್ತಿದ್ದಳು. ಆ ಸಿನಿಮಾದಲ್ಲಿ ಹಾಸ್ಯನಟನೊಬ್ಬ ತನ್ನ ಸಾಹೇಬರ ಬೋಳುತಲೆ ನೋಡಿ, ಮೂಗಿನಲ್ಲಿ ರಾಗ ಎಳೆದು ಅದನ್ನೇ ಹೇಳಿದ. ಮಾತು ಊರೆಲ್ಲ ಹಬ್ಬಿತು.

ಆ ಹುಡುಗಿ ದೊಡ್ಡವರಾಗಿ, ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ವೇಳೆ ಹೇಳುವ ಕೆಲಸಕ್ಕೆ ಸೇರಿದರು. ದಿನವಿಡೀ ಮಾತಾಡಿದರೂ ಆ ದನಿಯ ಗುರುತು ಯಾರಿಗೂ ಹತ್ತಲಿಲ್ಲ. ಗಂಡನಿಗೆ ಮಾತ್ರ ಗೊತ್ತಿತ್ತು. ಅವರು ಕಂಡಕಂಡವರಿಗೆಲ್ಲ ಹೇಳಹೊರಟಾಗ, “ಸುಮ್ನಿರಿ, ನಿಮ್ಮ ಬೋಳುತಲೆ ನೋಡಿ ನಗ್ತಾರೆ” ಎಂದು ಆಕೆಯೇ ಬಾಯಿ ಮುಚ್ಚಿಸಿದ್ದರು.

ಆಕೆ ನಿವೃತ್ತರಾದ ವರ್ಷ ಬೀದಿಯ ಸಂಘದವರು ಹಳೆಯ ಜಾಹೀರಾತುಗಳ ಅಣಕು ಸ್ಪರ್ಧೆ ಇಟ್ಟರು. ತಮಾಷೆಗೆಂದು ಆಕೆಯೂ ಹೆಸರು ಕೊಟ್ಟು, ವೇದಿಕೆ ಹತ್ತಿ ತಮ್ಮದೇ ಸಾಲು ಹೇಳಿದರು. ಎರಡು ಚಪ್ಪಾಳೆ ಬಿದ್ದವು. ತೀರ್ಪು ಕೊಡಲು ಬಂದಿದ್ದ ಮೇಷ್ಟ್ರು, “ಪರವಾಗಿಲ್ಲಮ್ಮ, ಆದ್ರೆ ಅಸಲಿ ಥರ ಬರ್ಲಿಲ್ಲ” ಎಂದರು.

ಗಂಡ ಕುರ್ಚಿಯಿಂದ ಅರ್ಧ ಎದ್ದರು. ಕೆಳಗಿಳಿದು ಬಂದ ಆಕೆ ಅವರ ತೋಳು ಚಿವುಟಿ ಕೂರಿಸಿದರು. ಮೊದಲ ಬಹುಮಾನ ಮೂಲೆ ಸಲೂನಿನ ಕ್ಷೌರಿಕನಿಗೆ ಬಂತು. ಅವನು ಹೇಳಿದ್ದೂ ಅದೇ ಸಾಲು, ಸಿನಿಮಾದವನಂತೆ ಮೂಗಿನಲ್ಲಿ. ಜನ ಬಿದ್ದುಬಿದ್ದು ನಕ್ಕರು. ಆಕೆಗೂ ನಗು ತಡೆಯಲಾಗಲಿಲ್ಲ.

ಗಂಡನ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಮರುವಾರ ಗಡ್ಡ ಹೆರೆಸಿಕೊಳ್ಳಲು ಹೋದವರು ಎಲ್ಲ ಒದರಿಬಿಟ್ಟರು. ಅದೇ ಸಂಜೆ ಕ್ಷೌರಿಕ ಬಹುಮಾನದ ಗೋಡೆಗಡಿಯಾರ ಹಿಡಿದು ಬಾಗಿಲಲ್ಲಿ ನಿಂತ.

“ಇದು ನಿಮ್ಗೇ ಸೇರ್ಬೇಕಮ್ಮ.”

“ಅಯ್ಯೋ, ಒಳಗೆ ಬಾರಪ್ಪ. ನಾನು ಹೇಳಿದ್ದು ಒಂದೇ ದಿನ. ನೀನು ಸಲೂನಲ್ಲಿ ದಿನಾ ಹೇಳಿ ಜನರನ್ನ ನಗಿಸ್ತೀಯ. ಗಡಿಯಾರ ನಿಂದೇ.”

“ಹಾಗಾದ್ರೆ ಒಂದ್ಸಲ ನನಗೋಸ್ಕರ ಹೇಳಿ.”

ಆಕೆ ಅಡುಗೆಮನೆಯಿಂದ ಅವನಿಗೆ ಚಹಾ, ಜೊತೆಗೆ ಒಂದು ಖಾಲಿ ತಟ್ಟೆ ತಂದರು. ಅದರೊಳಗೆ ಬಗ್ಗಿ ನೋಡಿ, ಮೆಲ್ಲಗೆ, ನಂಬಲಾರದವರಂತೆ ಹೇಳಿದರು.

ಕ್ಷೌರಿಕ ಚಹಾ ಲೋಟ ಕೆಳಗಿಟ್ಟ. “ಇದು ತಮಾಷೆನೇ ಅಲ್ವಲ್ಲಮ್ಮ! ಆ ಮಗು ನಿಜವಾಗ್ಲೂ ಬೆರಗಾಗಿದೆ.”

“ಮತ್ತಿನ್ನೇನು? ನಮ್ಮನೆ ತಟ್ಟೆಗಳೆಲ್ಲ ಕಪ್ಪಾಗಿ ಹೋಗಿದ್ವು. ರೆಕಾರ್ಡಿಂಗ್‌ಗೆ ಹೋದಾಗ ಅಲ್ಲಿ ಆ ಪುಡಿ ಹಾಕಿ ತಿಕ್ಕಿದ ತಟ್ಟೆ ಕೈಗೆ ಕೊಟ್ರು. ಹೇಳ್ಕೊಟ್ಟ ಮಾತು ಮರ್ತೇ ಹೋಯ್ತು, ಕಂಡಿದ್ದನ್ನ ಹೇಳ್ಬಿಟ್ಟೆ. ಅದನ್ನೇ ಇಟ್ಕೊಂಡ್ರು.”

ಇದನ್ನು ಗಂಡನೂ ಕೇಳಿರಲಿಲ್ಲ. ಮೂವರೂ ಕತ್ತಲಾಗುವವರೆಗೆ ಹರಟುತ್ತ ಕುಳಿತರು.

ಸುದ್ದಿ ಸಂಘದ ಕಿವಿಗೂ ಬಿತ್ತು. ಮೇಷ್ಟ್ರು ಬಂದು ನಾಚಿಕೊಂಡು ನಕ್ಕರು. ಮುಂದಿನ ವರ್ಷ ತೀರ್ಪು ನೀವೇ ಕೊಡಬೇಕು ಎಂದು ಹಟ ಹಿಡಿದರು. ಆಕೆ ಒಪ್ಪಿದರು. ಆ ವರ್ಷ, ಜಾಹೀರಾತು ಬಿಟ್ಟು ಕೆಟ್ಟುಹೋದ ಲಿಫ್ಟಿನ ಸದ್ದು ಮಾಡಿ ಎಲ್ಲರನ್ನೂ ನಗಿಸಿದ ಕಾವಲುಗಾರನಿಗೆ ಹಿಂದುಮುಂದು ಯೋಚಿಸದೆ ಮೊದಲ ಬಹುಮಾನ ಕೊಟ್ಟರು.