ರಿಲೇ ಕಿತ್ತರೂ ನಿಲ್ಲದ ಫ್ಯಾನು

ನಮ್ಮ ಕಾರಿಗೆ ಅಷ್ಟು ಗಟ್ಟಿ ದನಿಯಿದೆಯೆಂದು ನನಗೆ ಗೊತ್ತಾದದ್ದು ಯಜಮಾನರು ತೀರಿಕೊಂಡ ಮೇಲೆ. ಅವರು ಹಳೇಬೀಡಿನ ಮನೆ ಬಿಟ್ಟರೆ ಅರಸೀಕೆರೆ ಮುಟ್ಟುವವರೆಗೂ ಮಾತಾಡುತ್ತಿದ್ದರು. ಆ ಮಾತಿನ ನಡುವೆ ಎಂಜಿನ್ನಾಗಲಿ ನಾನಾಗಲಿ ಕೇಳಿಸುತ್ತಿರಲಿಲ್ಲ.

ಮೂರು ತಿಂಗಳ ನಂತರ ಒಬ್ಬಳೇ ಕೂತು ಕೀಲಿ ತಿರುಗಿಸಿದೆ. ಚಳಿಯ ಬೆಳಿಗ್ಗೆ, ಬಾನೆಟ್ ಮೇಲೆ ಇಬ್ಬನಿ. ಎಂಜಿನ್ ಶುರುವಾಗುವ ಮೊದಲೇ, ಅದನ್ನು ತಣಿಸುವ ಮುಂದಿನ ಫ್ಯಾನು ಗುಂಯ್ ಎಂದಿತು. ಬೆಚ್ಚಿದ ಕೈ ಹಾರನ್ನಿಗೆ ತಗುಲಿತು. ಪಕ್ಕದ ಮನೆಯ ಜಯಮ್ಮ ಓಡಿಬಂದರು.

"ಅಯ್ಯೋ, ಅವ್ರೇ ಕಣೇ! ಒಂದ್ ನಿಂಬೆಹಣ್ಣು ನಿವಾಳಿಸು."

ನಿವಾಳಿಸಿದೆ. ಫ್ಯಾನು ತಿರುಗುತ್ತಲೇ ಇತ್ತು. ಬದುಕಿದ್ದಾಗ ಹೆಂಡತಿಯ ಮಾತು ಕೇಳದವರು ಸತ್ತ ಮೇಲೆ ನಿಂಬೆಹಣ್ಣಿನ ಮಾತು ಕೇಳುತ್ತಾರೆಯೇ?

ಅವರದು ಪಂಪ್‌ಸೆಟ್ ಮೋಟಾರು ರಿಪೇರಿ. ನಮ್ಮ ಕಡೆ ಮೋಟಾರನ್ನು ಕಾಯುವ ಸ್ಟಾರ್ಟರ್ ಕೆಟ್ಟರೆ ರೈತರು ಅದರ ಗೊಡವೆ ಬಿಟ್ಟು, ತಂತಿಯನ್ನು ನೇರ ಮೋಟಾರಿಗೇ ಸಿಕ್ಕಿಸುತ್ತಾರೆ. ಅದಕ್ಕೆ ಡೈರೆಕ್ಟ್ ಕೊಡುವುದು ಎಂದು ಹೆಸರು. ಮೋಟಾರು ಸುಟ್ಟು ಅಂಗಡಿಗೆ ಬಂದಾಗ ಇವರ ಮಂಗಳಾರತಿ ಶುರು: "ಏನ್ಲಾ, ಡೈರೆಕ್ಟ್ ಕೊಟ್ಟಿದ್ಯಾ? ಮನೇಲಿ ಹೆಂಡ್ತೀನೂ ಹಿಂಗೇ ಪುರುಸೊತ್ತಿಲ್ದಂಗೆ ದುಡಿಸ್ತೀಯೇನ್ಲಾ?" ಡೈರೆಕ್ಟ್ ಕೊಡಬಾರದು ಎಂಬುದೇ ಅವರ ಬಾಳಿನ ಏಕೈಕ ಸಿದ್ಧಾಂತ. ದೇವರ ವಿಷಯದಲ್ಲೂ ಅಷ್ಟು ನಿಷ್ಠೆ ಕಾಣೆ.

ಕಾರನ್ನು ಬೇಲೂರಿನ ಮೆಕ್ಯಾನಿಕ್ ರಫೀಕನ ಹತ್ತಿರ ಒಯ್ದೆ. ಅವನು ವಿವರಿಸಿದ: "ನೀರು ಬಿಸಿ ಆಯ್ತು ಅಂತ ಸೆನ್ಸರ್ ಹೇಳುತ್ತೆ, ರಿಲೇ ಕೇಳುತ್ತೆ, ಫ್ಯಾನ್ ತಿರುಗುತ್ತೆ. ರಿಲೇ ಅಂಟ್ಕೊಂಡಿರ್ಬೇಕು." ಬೆಂಕಿಪೆಟ್ಟಿಗೆಯಷ್ಟಿದ್ದ ರಿಲೇಯನ್ನು ಕಿತ್ತ. ಫ್ಯಾನು ನಿಲ್ಲಲಿಲ್ಲ. ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದೆವು.

"ಅಕ್ಕಾ, ರಿಲೇ ನನ್ ಕೈಲೈತೆ! ಇದ್ಯಾಕ್ ತಿರುಗ್ತೈತೆ?"

ನಾನು ನಿಂಬೆಹಣ್ಣಿನ ಅಂಗಡಿ ಎಲ್ಲಿದೆಯೆಂದು ಸುತ್ತ ನೋಡಿದೆ. ಅವನು ಟಾರ್ಚ್ ಹಿಡಿದು ಒಂದು ಕೆಂಪು ತಂತಿಯ ಜಾಡು ಹಿಡಿದ. "ಥೂ, ಯಾರೋ ಡೈರೆಕ್ಟ್ ಕೊಟ್ಟವ್ರೆ. ಯಾವ ಕಳ್ ಮೆಕ್ಯಾನಿಕ್ಕೋ!"

ಬಗ್ಗಿ ನೋಡಿದೆ. ತಂತಿಯ ಗಂಟಿಗೆ ಹಳದಿ ಟೇಪು, ಮೂರೇ ಸುತ್ತು. ಮುಂದೆ ಬಿಚ್ಚುವವರಿಗೆ ಸುಲಭವಾಗಲೆಂದು ತುದಿ ಮಡಚಿ ಬಿಟ್ಟ ಪುಟ್ಟ ಬಾಲ. ಲೋಕದಲ್ಲಿ ಹಾಗೆ ಟೇಪು ಸುತ್ತುತ್ತಿದ್ದವರು ಒಬ್ಬರೇ.

"ಬೈಬೇಡಪ್ಪ. ನಮ್ಮವ್ರೇ."

ಕಳೆದ ಬೇಸಿಗೆಯಲ್ಲಿ ನನಗೆ ಉಬ್ಬಸ ಏರಿ, ಆಸ್ಪತ್ರೆಗೆ ಹೊರಟಾಗ ಈ ಫ್ಯಾನು ತಿರುಗದೆ ಎಂಜಿನ್ ಕುದ್ದುಹೋಗಿತ್ತು. ಅದು ತಣಿಯುವವರೆಗೆ ದಾರಿಬದಿಯ ಹುಣಸೆಮರದಡಿ ನಾನು ಉಸಿರಿಗೆ ಬಾಯಿ ಬಿಡುತ್ತಿದ್ದೆ. ಅವರು ಜೀವನದಲ್ಲಿ ಮೊದಲ ಸಲ ಮಾತು ನಿಲ್ಲಿಸಿದ್ದರು. ಮಾರನೆಯ ಮಧ್ಯಾಹ್ನವೆಲ್ಲ ಬಾನೆಟ್ಟಿನೊಳಗೆ ತಲೆಯಿಟ್ಟಿದ್ದವರು, "ಇನ್ ಹೆದ್ರಬೇಡ" ಎಂದಷ್ಟೇ ಹೇಳಿದರು. ಮೊದಲು ಹೋಗುವವಳು ನಾನೇ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದೆವು. ಆದರೆ ಮಳೆಗಾಲ ಮುಗಿದ ಮೇಲೊಂದು ದಿನ, ಊಟ ಮುಗಿಸಿ ಕೈತೊಳೆಯಲು ಎದ್ದ ಅವರು ಬಚ್ಚಲ ಬಾಗಿಲಲ್ಲೇ ಕುಸಿದರು.

"ಹಿಂಗೇ ಬಿಟ್ರೆ ಫ್ಯಾನ್ ಮೋಟ್ರು ಸುಟ್ಟೋಗುತ್ತಕ್ಕಾ. ಆಮೇಲೆ ಬಿಸಿಯಾದ್ ದಿನ ತಿರುಗೋಕೆ ಏನೂ ಇರಲ್ಲ. ತೆಗೀಲಾ?"

ತೆಗೆದರೆ ಅವರ ಕೈಕೆಲಸ ಹೋಗುತ್ತದೆ. ಬಿಟ್ಟರೆ, ಇನ್ನೊಂದು ಉಬ್ಬಸದ ದಿನ ಹುಣಸೆಮರದಡಿ ನಾನೊಬ್ಬಳೇ. ಕೊನೆಗೆ ಕೀಲಿ ತಿರುಗಿಸಿ ಕಾರು ಆರಿಸಿ, ನಾನೇ ಕೈ ಹಾಕಿ ಬಾಲ ಹಿಡಿದೆಳೆದೆ. ಮೂರು ಸುತ್ತೂ ತಕರಾರಿಲ್ಲದೆ ಬಿಚ್ಚಿಕೊಂಡವು.

ರಫೀಕ ಕೆಂಪು ತಂತಿ ಕಿತ್ತು ನನ್ನ ಕೈಗಿಟ್ಟು, ರಿಲೇ ಮತ್ತೆ ಸಿಕ್ಕಿಸಿ, ಕೆಟ್ಟಿದ್ದ ಸೆನ್ಸರ್ ಬದಲು ಹೊಸದನ್ನು ಹಾಕಿಕೊಟ್ಟ. ಹಳೇಬೀಡಿನ ಕೆರೆ ಏರಿಯ ಹತ್ತಿರ ಬರುವಾಗ ಬಿಸಿ ತೋರಿಸುವ ಮುಳ್ಳು ಮೇಲೇರಿತು. ತಿರುಗುತ್ತದೆಯೋ ಇಲ್ಲವೋ? ಗುಂಯ್ ಎಂದಿತು. ಬೆಚ್ಚಿದೆ. ಒಂದು ನಿಮಿಷಕ್ಕೆ ತಾನೇ ನಿಂತಿತು. ಅದಕ್ಕೂ ಬೆಚ್ಚಿದೆ.

ಮನೆಗೆ ಬಂದು ಕೆಂಪು ತಂತಿಯನ್ನು ಅವರ ಫೋಟೋ ಮುಂದಿಟ್ಟೆ. ಮೂರು ತಿಂಗಳಿಂದ ಅಲ್ಲಿ ಅಳುವುದೊಂದೇ ಅಭ್ಯಾಸವಾಗಿತ್ತು. ಅಂದು ಸೊಂಟಕ್ಕೆ ಕೈಯಿಟ್ಟು ಕೇಳಿದೆ: "ಏನ್ರೀ, ಊರಿಗೆಲ್ಲಾ ಬುದ್ಧಿ ಹೇಳಿ, ಕೊನೆಗೆ ನೀವೇ ಡೈರೆಕ್ಟ್ ಕೊಟ್ರಲ್ರೀ!"

ಬೈದ ಮೇಲೆ ಉಸಿರು ಸಲೀಸಾಗಿ ಆಡಿತು.